ಮುಚ್ಚಿದವನೇ ಬಿಚ್ಚಲಿ

ಝುವೈನಾ ಬಿಂತ್ ಹುವೈಶಿಲ್ ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ನೋಡಿಲ್ಲ. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಆಚೆ ಅವಳ ಆಡುಗಳು, ಈಚೆ ನನ್ನ ಒಲೆ. ಮದುವೆಯಾಗಿ ಬಿದಿಯಾ ಸೀಮೆಯ ಈ ಮರಳಂಚಿನ ಊರಿಗೆ ಬಂದಾಗಿನಿಂದ ಅವಳ ಮಾತು ಕೇಳಿಕೊಂಡೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಅವಳು ಹೆಂಗಸರು ಮುಖ ಮರೆಸಲು ಕಟ್ಟುವ ಮೊಗಪಟ್ಟಿ ಹೊಲಿಯುತ್ತಾಳೆ. ಮೂಗಿನ ಮೇಲೆ ಸೆಟೆದು ನಿಲ್ಲುವ ಆ ಪಟ್ಟಿಗೆ ನಡುವೆ ಕಡ್ಡಿ ಕೂರಿಸುವುದರಲ್ಲಿ ಅವಳಷ್ಟು ನೇರ ಕೈ ಇನ್ನೊಬ್ಬರದಿಲ್ಲ. ಗಂಡ ಸತ್ತ ಮೇಲೆ ಅದರಲ್ಲೇ ಬದುಕು. ಆಡುಗಳಿಗೆ ನೀರು ತರಲು ಒಂದು ಹಳೆಯ ಪಿಕಪ್ ಇದೆ. ಅದನ್ನು ಮರಳಲ್ಲಿ ಓಡಿಸುವಾಗ ಗಂಡಸರೂ ದಾರಿ ಬಿಡುತ್ತಾರೆ.

ಒಮ್ಮೆ ಮೂಲೆ ಅಂಗಡಿಯವನು ಅವಳ ಆಡಿಗೆ ಕಜ್ಜಿ ಹಿಡಿದಿದೆ ಎಂದ. ಅಂದಿನಿಂದ ಉಪ್ಪಿಗೂ ಅವಳು ಪಕ್ಕದ ಊರಿಗೆ ಗಾಡಿ ಓಡಿಸುತ್ತಾಳೆ. ಅಂಗಡಿಯವನು ತೀರಿಕೊಂಡಾಗ ಅವನ ಹೆಂಡತಿಯ ಪಕ್ಕ ಕುಳಿತು ಅತ್ತಳು, ದುಃಖದ ಮನೆಗೆ ರೊಟ್ಟಿ ಸುಟ್ಟು ಕೊಟ್ಟಳು. ಈಗ ಅಂಗಡಿಯಲ್ಲಿ ಮಗ ಕೂರುತ್ತಾನೆ. ಉಪ್ಪು ಮಾತ್ರ ಇವತ್ತಿಗೂ ಪಕ್ಕದ ಊರಿನದೇ.

"ಇಷ್ಟು ವರ್ಷ ಆಯ್ತಲ್ಲ, ಬಿಟ್ಟುಬಿಡೇ. ದೇವರು ಕ್ಷಮಿಸುವವರನ್ನ ಮೆಚ್ತಾನೆ" ಎಂದು ನಾನು ಒಮ್ಮೆ ಹೇಳಿದ್ದೆ.

"ಕ್ಷಮಿಸೋದು ಅವನ ಕೆಲಸ ಕಣೇ. ಅವನಿಗೆ ಪುರುಸೊತ್ತಿದೆ. ನನಗೆ ಆಡುಗಳಿವೆ" ಎಂದಳು.

ಹಾಗೆಂದು ಅವಳು ದೇವರಿಗೆ ಹೆದರದವಳಲ್ಲ. ಬೆಳಗಿನ ಅಜಾನ್ ಆಗುವ ಮುಂಚೆಯೇ ಗೋಡೆಯಾಚೆ ಅವಳ ತಂಬಿಗೆಯ ಸದ್ದು ಕೇಳುತ್ತದೆ. ಅವಳು ಸುಳ್ಳು ಹೇಳಿದ್ದನ್ನೂ ನಾನು ಕೇಳಿಲ್ಲ, ಒಂದು ಹಲ್ವದ ವಿಷಯ ಬಿಟ್ಟರೆ. ಅದನ್ನು ಆಮೇಲೆ ಹೇಳುತ್ತೇನೆ.

ಹಾರಿಬ್ ಅವಳ ತಮ್ಮ. ತಾಯಿ ಹೋದಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಅವಳೇ ಆಡಿನ ಹಾಲು ಕುಡಿಸಿ ಸಾಕಿದಳು. ಬೆಳೆದ ಮೇಲೆ ಅವನಿಗೆ ಎರಡೇ ಆಸೆ, ಒಂದು ಮದುವೆ, ಇನ್ನೊಂದು ಹಿಸಾನ್ ದಿಬ್ಬ. ಚಳಿಗಾಲದಲ್ಲಿ ಒಂದು ದಿನ ಊರೂರಿನ ಗಂಡಸರು ಆ ದಿಬ್ಬದ ಬುಡದಲ್ಲಿ ಸೇರುತ್ತಾರೆ. ಕಡಿದಾದ ಮರಳ ಮೇಲೆ ಯಾರ ಗಾಡಿ ನೆತ್ತಿ ಮುಟ್ಟುತ್ತದೆ ಎಂದು ನೋಡುತ್ತಾರೆ. ಮುಟ್ಟಿದವನಿಗೆ ಎಲ್ಲ ಗಾಡಿಗಳ ಹಾರ್ನೂ ಒಟ್ಟಿಗೆ ಮೊಳಗುತ್ತದೆ. ಆ ಸದ್ದು ನಮ್ಮ ಅಂಗಳದವರೆಗೂ ಬರುತ್ತದೆ.

ಅದಕ್ಕೆಂದೇ ಹಾರಿಬ್ ಗಾಬಿಶ್‌ನ ಹತ್ತಿರ ನಾಲ್ಕು ಗಾಲಿಯ ಮರಳು ಬೈಕೊಂದನ್ನು ಕೊಂಡ. ಯಾರೋ ಓಡಿಸಿ ಬಿಟ್ಟದ್ದು. ಗಾಬಿಶ್ ಆಗ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು.

ಆ ವರ್ಷ ದಿಬ್ಬದ ದಿನ ಹಾರಿಬ್ ನೆಗೆದು ಹೊರಟ. ನಡುದಿಬ್ಬದಲ್ಲಿ ಎಂಜಿನ್ ಕಿರುಚುತ್ತಲೇ ಇತ್ತು, ಗಾಲಿಗಳು ಮಾತ್ರ ನಿಂತುಬಿಟ್ಟವು. ಗಾಡಿ ಹಿಂದಕ್ಕೆ ಜಾರಿತು, ಅಡ್ಡ ತಿರುಗಿತು, ಅವನ ಮೇಲೆಯೇ ಉರುಳಿತು. ಎಡಗಾಲಿನ ಹರಡು ಪುಡಿಯಾಯಿತು. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ಅವನ ಮೊದಲ ಮಾತು, "ಬುಟ್ಟಿ ಹೋಯ್ತು ಅಕ್ಕಾ, ಕ್ಲಚ್ ಬುಟ್ಟಿ."

ಅದೇನು ಎಂದು ಅವಳು ಕೇಳಿದಳು. ಕ್ಲಚ್ಚಿನ ಪ್ಲೇಟುಗಳೆಲ್ಲ ಒಂದು ಲೋಹದ ಬುಟ್ಟಿಯಲ್ಲಿ ಕೂರುತ್ತವೆ, ಆ ಬುಟ್ಟಿಗೆ ಸುತ್ತ ಬೆರಳುಗಳಿರುತ್ತವೆ, ಪ್ಲೇಟಿನ ಹಲ್ಲು ಬೆರಳುಗಳ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಬೆರಳು ಮುರಿದರೆ ಎಂಜಿನ್ ಪಾಡಿಗೆ ಎಂಜಿನ್, ಗಾಲಿ ಪಾಡಿಗೆ ಗಾಲಿ ಎಂದು ಅವನು ತಿಳಿಸಿ ಹೇಳಿದ.

"ಅಂಥ ಬುಟ್ಟಿ ಇಟ್ಟು ಮುಚ್ಚಿದವನು ಯಾರು?"

"ಗಾಡಿ ಕೊಟ್ಟವನು ಗಾಬಿಶ್ ಅಲ್ವಾ" ಎಂದು ಹಾರಿಬ್ ಗೋಡೆ ಕಡೆ ತಿರುಗಿ ಮಲಗಿದ.

ಅಷ್ಟೇ ಸಾಕಾಯಿತು. ಝುವೈನಾ ಆಸ್ಪತ್ರೆಯಿಂದ ನೇರ ಗಾಬಿಶ್‌ನ ಶೆಡ್ಡಿಗೆ ಹೋಗಿ ಕೇಳಿದಳು. ಬುಟ್ಟಿ ಸವೆದಿದೆ, ಬದಲಾಯಿಸಿ ದಿಬ್ಬ ಹತ್ತು ಎಂದು ತಾನು ಬಾಯಿಬಿಟ್ಟು ಹೇಳಿದ್ದೆ ಎಂದ ಅವನು. ಅವಳು ನಂಬಲಿಲ್ಲ. ಅವನು ಅಲ್ಲಿಗೆ ಬಿಟ್ಟಿದ್ದರೆ ಸರಿಯಿತ್ತು. ಶೆಡ್ಡಿನಲ್ಲಿ ನಾಲ್ಕು ಜನ ಕುಳಿತಿದ್ದರು, ಅವರನ್ನು ನಗಿಸಬೇಕೆನಿಸಿತು. "ಗಾಡಿದೇನೂ ತಪ್ಪಿಲ್ಲ ಅಕ್ಕಾ. ನಿನ್ನ ತಮ್ಮ ಕ್ಲಚ್ ಹಿಡಿಯೋದು ಒಂಟೆ ಹಾಲು ಕರೆದ ಹಾಗೆ. ದಿಬ್ಬವೂ ಅರ್ಧ, ಅವನೂ ಅರ್ಧ. ಬೂ ನುಸ್!" ಎಂದ.

ಬೂ ನುಸ್ ಎಂದರೆ ಅರ್ಧದ ಅಪ್ಪ, ಅರೆಬರೆಯವನು. ಸಂಜೆಯೊಳಗೆ ಆ ಹೆಸರು ಊರು ಸುತ್ತಿತು. ಹಾರಿಬ್ ಕೋಲೂರಿ ಮನೆಗೆ ಬರುವ ಹೊತ್ತಿಗೆ ಮಸೀದಿಯ ಮೆಟ್ಟಿಲ ಮೇಲೂ ಅದೇ ಹೆಸರು. ಅವನಿಗೆ ಗೊತ್ತುಮಾಡಿದ್ದ ಹುಡುಗಿಯ ಮನೆಯವರು ಮಾತು ಹಿಂದಕ್ಕೆ ತೆಗೆದುಕೊಂಡರು. ಹುಡುಗಿಯ ಅಜ್ಜಿ ಝುವೈನಾಳ ಎದುರಲ್ಲೇ, "ಅರ್ಧ ಗಂಡಿಗೆ ಇಡೀ ಹುಡುಗಿ ಹೇಗಮ್ಮ ಕೊಡೋದು?" ಎಂದು ನಕ್ಕಳಂತೆ. ಆಮೇಲೆ ಅವನಿಗೆ ಬೇರೆ ಹೆಣ್ಣು ಕೂಡಿಬರಲಿಲ್ಲ. ಅವನು ಗಂಡಸರ ಬೈಠಕ್ಕಿಗೆ ಹೋಗುವುದನ್ನೇ ಬಿಟ್ಟ.

ಝುವೈನಾ ಆ ಗಾಡಿಯನ್ನು ಪಿಕಪ್ಪಿನಲ್ಲಿ ಹೇರಿಸಿ ತಂದು ಅಂಗಳದ ಮೂಲೆಯಲ್ಲಿ ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಳು. ಯಾರೇ ಬಿಚ್ಚಿ ನೋಡುತ್ತೇನೆಂದರೂ ಅವಳದು ಒಂದೇ ಮಾತು, "ಮುಚ್ಚಿದವನೇ ಬಿಚ್ಚಲಿ."

ಹಾರಿಬ್ ಆಗಾಗ ಹೇಳುತ್ತಿದ್ದ, "ಮಾರಿಬಿಡೋಣ ಅಕ್ಕಾ. ನೋಡಿದರೆ ಸಂಕಟ ಆಗುತ್ತೆ."

"ಆಗಲಿ. ಸಂಕಟ ಆಗ್ತಾ ಇದ್ದರೇ ನೆನಪಿರೋದು" ಎಂದು ಅವಳು ಹಗ್ಗ ಇನ್ನೊಂದು ಸುತ್ತು ಬಿಗಿಯುತ್ತಿದ್ದಳು.

ದುಬೈಯಿಂದ ಬರುವ ಚಿಕ್ಕಪ್ಪನ ಮಗನಿಗೆ ಹೇಳಿ ಒಂದು ಹೊಸ ಬುಟ್ಟಿಯನ್ನೂ ತರಿಸಿಟ್ಟಳು. ಗಾಡಿ ಮಾಡಿದ ಕಂಪನಿಯದಲ್ಲ, ಬೇರೆಯವರು ಮರಳಿಗೆಂದೇ ಗಟ್ಟಿ ಅಲ್ಯೂಮಿನಿಯಂ ಮುದ್ದೆಯಿಂದ ಕಡೆದು ಮಾಡಿದ್ದು. ನೋಡಲು ಚಿನ್ನದ ಬಣ್ಣ. ಬಿಚ್ಚುವ ದಿನ ಬಂದಾಗ ಹಾಕಲು ಬುಟ್ಟಿ ಇಲ್ಲ ಎಂದು ಗಾಬಿಶ್ ನುಣುಚಿಕೊಳ್ಳಬಾರದಲ್ಲ! ಅದನ್ನು ಅತ್ತರು ಇಡುವ ಪೆಟ್ಟಿಗೆಯಲ್ಲಿ ಮಡಗಿದಳು. ಅದಕ್ಕೀಗ ಊದಿನ ಪರಿಮಳ.

ವರ್ಷಗಳು ಹೋದವು. ಗಾಬಿಶ್ ಬೆಳೆದ. ತಗಡಿನ ಶೆಡ್ಡು ಗಾಜಿನ ಅಂಗಡಿಯಾಯಿತು. ಮರಳಲ್ಲಿ ಪ್ರವಾಸಿಗಳಿಗೆ ಗುಡಾರಗಳು, ಮನೆಗೆ ದೊಡ್ಡ ಬೈಠಕ್ಕು. ಆಮೇಲೆ ಅವನ ಕೈಗೆ ಎಣ್ಣೆ ಮೆತ್ತಿದ್ದನ್ನು ಕಂಡವರೇ ಇಲ್ಲ. ಪ್ರತಿ ಹಬ್ಬಕ್ಕೂ ಝುವೈನಾಳ ಮನೆಗೆ ಒಂದು ತಟ್ಟೆ ಹಲ್ವ ಕಳಿಸುತ್ತಿದ್ದ. ಅವಳು ಅದನ್ನು ಆಡುಗಳ ಮುಂದೆ ಸುರಿಯುತ್ತಿದ್ದಳು. ಆಡುಗಳೂ ಮೂಸಲಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ನಾನು ಗೋಡೆಯ ಮೇಲಿಂದ ನೋಡಿದ್ದೇನೆ, ತಟ್ಟೆಯನ್ನೂ ನೆಕ್ಕಿದ್ದವು.

ಕಳೆದ ಚಳಿಗಾಲದ ದಿಬ್ಬದ ಕೂಟಕ್ಕೆ ಮುಂಚೆ, ಅದರ ಏರ್ಪಾಡು ಮಾತಾಡಲು ಹಿರಿಯರೆಲ್ಲ ಗಾಬಿಶ್‌ನ ಬೈಠಕ್ಕಿನಲ್ಲಿ ಸೇರಿದ್ದರು. ಝುವೈನಾ ಹೊಸ ಮೊಗಪಟ್ಟಿ ಕಟ್ಟಿಕೊಂಡು ನನ್ನ ಬಾಗಿಲು ತಟ್ಟಿದಳು.

"ಹೊರಡು. ಸಾಕ್ಷಿಗೆ ಒಬ್ಬರು ಬೇಕು."

ಒಳಗೆ ಹೋಗಿ ಎಲ್ಲರ ಕೈ ಮುಟ್ಟಿ ಸಲಾಮು ಹೇಳಿ ಬಾಗಿಲ ಹತ್ತಿರ ಕುಳಿತೆವು. ಖರ್ಜೂರ ಬಂತು, ಕಾಫಿ ಬಂತು. ಝುವೈನಾ ತುಂಬಿದ ಕಪ್ಪನ್ನು ತೆಗೆದುಕೊಂಡು ತುಟಿಗೆ ತಾಗಿಸದೆ ಚಾಪೆಯ ಮೇಲೆ ಇಟ್ಟಳು. ಮಾತುಗಳೆಲ್ಲ ಒಮ್ಮೆಗೇ ನಿಂತವು. ಹಾಗೆ ಕಪ್ಪು ಇಟ್ಟವರು ಏನನ್ನೋ ಕೇಳಲು ಬಂದಿದ್ದಾರೆ ಎಂದರ್ಥ. ಕುಡಿಯದೆ ಎದ್ದು ಹೋದರೆ ಆ ಮನೆಯವರಿಗೆ ಊರಲ್ಲಿ ತಲೆ ಎತ್ತಲಾಗದು.

ಗಾಬಿಶ್ ನಕ್ಕ. "ಹುವೈಶಿಲ್ ಮಗಳು ನಮ್ಮ ಹೊಸಿಲು ತುಳಿದಳಲ್ಲ! ಇವತ್ತು ಮಳೆ ಬಂದರೂ ಬಂತೇ. ಕುಡಿ ಅಕ್ಕಾ, ಆರಿಹೋಗುತ್ತೆ."

"ಒಂದು ಮಾತಿದೆ."

"ಮಾತು ಎಲ್ಲಿ ಓಡಿಹೋಗುತ್ತೆ? ಮೊದಲು ಕುಡಿ."

"ಮಾತು ಮೊದಲು."

ಗಾಬಿಶ್ ಸುತ್ತ ಕುಳಿತವರನ್ನು ನೋಡಿದ. ಬಹುಶಃ ರಾಜಿಗೆ ಬಂದಿದ್ದಾಳೆ, ಇಲ್ಲವೇ ತಮ್ಮನಿಗೆ ಏನಾದರೂ ಕೆಲಸ ಕೇಳುತ್ತಾಳೆ ಎಂದುಕೊಂಡನೋ ಏನೋ. ಮಾತು ಕೊಡುವವರು ಮಾಡುವಂತೆ ತೋರುಬೆರಳನ್ನು ಮೂಗಿನ ತುದಿಗೆ ಒತ್ತಿ ದೊಡ್ಡ ದನಿಯಲ್ಲಿ, "ಅಬ್ಶಿರಿ! ಅಬ್ಶಿರಿ! ಏನೇ ಕೇಳು, ಕೊಟ್ಟಾಯ್ತು ಅಂದ್ಕೋ. ನನ್ನ ಮೂಗಿನ ಮೇಲಿದೆ" ಎಂದ.

ಪಕ್ಕದಲ್ಲಿದ್ದ ಮಬ್ಖೂತ್ ಅಜ್ಜ ಕೆಮ್ಮಿದರು. ಊರಲ್ಲಿ ಎಲ್ಲರಿಗಿಂತ ಹಿರಿಯರು. "ಏನು ಅಂತ ಕೇಳಿಸಿಕೊಂಡು ಹೇಳಯ್ಯಾ."

"ಇರಲಿ ಬಿಡಜ್ಜಾ. ಬಾಗಿಲಿಗೆ ಬಂದವರ ಹತ್ರ ನಾನು ತೂಕ ಹಾಕಿ ಮಾತಾಡಲ್ಲ."

ಝುವೈನಾ ಕಪ್ಪೆತ್ತಿ ಒಂದೇ ಗುಟುಕಿಗೆ ಕುಡಿದಳು. ಸಾಕು ಎಂದು ಕಪ್ಪನ್ನು ಅಲ್ಲಾಡಿಸಿ ಕೊಟ್ಟಳು. ಆಮೇಲೆ ಹೇಳಿದಳು:

"ಶುಕ್ರವಾರ ನಮಾಜಾದ ಮೇಲೆ ನನ್ನ ತಮ್ಮನ ಗಾಡಿ ಹಿಸಾನ್ ದಿಬ್ಬದ ಬುಡಕ್ಕೆ ತರ್ತೀನಿ. ನೀನು ಮುಚ್ಚಿ ಕೊಟ್ಟ ಎಂಜಿನ್ನು ನೀನೇ ಬಿಚ್ಚಬೇಕು. ಒಳಗಿನ ಬುಟ್ಟಿ ತೆಗೆದು ಎಲ್ಲರಿಗೂ ತೋರಿಸಬೇಕು. ಹೊಸ ಬುಟ್ಟಿ ನನ್ನ ಹತ್ರ ಇದೆ, ಅದನ್ನ ಕೂರಿಸಿ ಗಾಡಿ ಓಡೋ ಹಾಗೆ ಮಾಡಿ ಕೊಡಬೇಕು."

ಗಾಬಿಶ್‌ನ ಮುಖದ ನಗು ಅಲ್ಲೇ ಇತ್ತು, ಆದರೆ ಒಣಗಿತು. "ಅಷ್ಟೇನಾ? ನನ್ನ ಅಂಗಡೀಲಿ ಒಳ್ಳೊಳ್ಳೇ ಹುಡುಗರಿದ್ದಾರೆ ಅಕ್ಕಾ, ಕಳಿಸಿಕೊಡ್ತೀನಿ."

"ನೀನು ಮುಟ್ಟಿಕೊಂಡಿದ್ದು ನಿನ್ನ ಮೂಗೋ, ಆ ಹುಡುಗರ ಮೂಗೋ?"

ಮಬ್ಖೂತ್ ಅಜ್ಜ ನಕ್ಕ ರಭಸಕ್ಕೆ ಖರ್ಜೂರದ ಬೀಜ ಗಂಟಲಿಗೆ ಸಿಕ್ಕಿಕೊಂಡು ಯಾರೋ ಬೆನ್ನು ಗುದ್ದಬೇಕಾಯಿತು. ಗಾಬಿಶ್ ಕಾಫಿಯ ಹೂಜಿಯನ್ನು ನೋಡುತ್ತಾ, "ಬರ್ತೀನಿ" ಎಂದ. ಅಷ್ಟು ಜನರ ಮುಂದೆ ಅಬ್ಶಿರಿ ಎಂದು ಮಾತು ಕೊಟ್ಟಾಗಿತ್ತು. ಇನ್ನೇನು ಹೇಳಿಯಾನು?

ದಾರಿಯುದ್ದಕ್ಕೂ ಝುವೈನಾ ಸ್ಟೀರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಳು. ನನಗೇನೋ ಅಳುಕು. "ಬಿಚ್ಚಿದಾಗ ತಪ್ಪು ಹಾರಿಬ್‌ದೇ ಅಂತ ಗೊತ್ತಾದರೆ?" ಎಂದೆ.

ಅವಳು ಗಾಡಿ ನಿಲ್ಲಿಸಿದಳು. "ಇಳೀತೀಯೋ, ಕೂತ್ಕೋತೀಯೋ?"

ಕುಳಿತೆ.

ವಿಷಯ ಕೇಳಿ ಹಾರಿಬ್ ಅಕ್ಕನ ಕಾಲು ಹಿಡಿದುಕೊಂಡ. "ಬೇಡ ಅಕ್ಕಾ. ಹೋಗಲಿ ಬಿಡು. ನನಗೇನೂ ಬೇಡ." ಅವನ ಅಳು ಗೋಡೆಯೀಚೆ ನನಗೂ ಕೇಳಿಸಿತು. "ಒಳ್ಳೇತನ ಜಾಸ್ತಿ ಕಣೋ ನಿನಗೆ. ಅದಕ್ಕೇ ಎಲ್ಲರೂ ತುಳೀತಾರೆ" ಎಂದು ಅವಳು ಅವನ ತಲೆ ಸವರಿದಳು.

ಶುಕ್ರವಾರ ದಿಬ್ಬದ ಬುಡದಲ್ಲಿ ಹಬ್ಬದಷ್ಟು ಜನ. ಗಾಬಿಶ್ ಬಿಳಿ ಅಂಗಿಯಲ್ಲೇ ಬಂದಿದ್ದ. ಮುಂಡಾಸು ಬಿಚ್ಚಿ ಗಾಡಿಯಲ್ಲಿಟ್ಟು, ಶೆಡ್ಡಿನ ಕಾಲದ ಕಬ್ಬಿಣದ ಪೆಟ್ಟಿಗೆ ಹೊತ್ತುಕೊಂಡು ನಡೆದ.

"ಸ್ಪ್ಯಾನರ್ ಹಿಡಿಯೋದು ನೆನಪಿದೆಯೇನೋ ಗಾಬಿಶ್?" ಎಂದು ಯಾರೋ ಕೂಗಿದರು.

"ನಿನ್ನ ಹಲ್ಲು ಕೀಳೋಷ್ಟು ನೆನಪಿದೆ, ಬಾ."

ಗಾಡಿಯ ಬಲಗಡೆಗೆ ಬಂದು ಸುತ್ತ ನೋಡಿದ. "ಒಂದು ಚಾಪೆ ಕೊಡ್ರಪ್ಪಾ."

ಝುವೈನಾ ತನ್ನ ಚಾಪೆಯ ಮೇಲೆ ಅತ್ತರಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಾನು ಅವಳ ಪಕ್ಕ. "ನನ್ನ ತಮ್ಮ ಬಿದ್ದಾಗ ಯಾರೂ ಚಾಪೆ ಹಾಸಿರಲಿಲ್ಲ. ಮರಳಲ್ಲೇ ಕೂತ್ಕೋ" ಎಂದಳು.

ಅವನು ಕುಳಿತ. ಅಡಿಯ ಬೋಲ್ಟ್ ಬಿಚ್ಚಿ ಹಳೆಯ ಎಣ್ಣೆಯನ್ನು ಒಂದು ತಟ್ಟೆಗೆ ಇಳಿಸಿದ. ಖರ್ಜೂರದ ಪಾಕದಷ್ಟು ಕಪ್ಪು, ಅಷ್ಟೇ ಮಂದ. ಅದರಲ್ಲಿ ಬೆಳ್ಳಗೆ ಏನೋ ಮಿನುಗಿತು.

"ಎಲ್ಲರಿಗೂ ತೋರಿಸು" ಎಂದಳು.

ಅವನು ತಟ್ಟೆ ಎತ್ತಿ ಹಿಡಿದ. ಮಬ್ಖೂತ್ ಅಜ್ಜ ಬೆರಳದ್ದಿ, ಬಿಸಿಲಿಗೆ ಹಿಡಿದು, "ಲೋಹದ ಚೂರು. ಒಳಗೆ ಮುರಿದಿರೋದು ಖಂಡಿತ" ಎಂದರು. ಜನ ಗುಜುಗುಜು ಎಂದಿತು. ಗಾಬಿಶ್‌ನ ಬಿಳಿ ತೋಳಿನ ಮೇಲೆ ಎಣ್ಣೆಯ ಕಪ್ಪು ಪಟ್ಟೆ ಬಿದ್ದಿತ್ತು. ಝುವೈನಾ ಅದನ್ನೇ ನೋಡುತ್ತಿದ್ದಳು, ಹಸಿದವರು ರೊಟ್ಟಿ ನೋಡುವ ಹಾಗೆ. ಇಷ್ಟು ವರ್ಷ ಜೊತೆಗಿದ್ದೂ ಅವಳ ಕಣ್ಣಲ್ಲಿ ಅಷ್ಟು ಸುಖವನ್ನು ನಾನು ಕಂಡಿರಲಿಲ್ಲ.

ಗಾಬಿಶ್ ಬ್ರೇಕಿನ ಪೆಡಲು ಸರಿಸಿ, ಎಂಜಿನ್ನಿನ ಪಕ್ಕದ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದ. ಮುಚ್ಚಳ ಬರಲಿಲ್ಲ. ಮತ್ತೆ ತಟ್ಟಿದ.

"ಹೀಗೆ ಕಚ್ಚಿಕೊಳ್ಳಬಾರದಲ್ಲ ಇದು" ಎಂದು ತನಗೆ ತಾನೇ ಹೇಳಿಕೊಂಡ.

ಸಂದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಮೀಟಿದಾಗ ಮುಚ್ಚಳ ಪಟ್ಟನೆ ಎದ್ದು ಬಂತು. ಅದರ ಅಂಚಿನ ಸುತ್ತ ಕೆಂಪು ಗಮ್ಮು, ಒಣಗಿ ರಬ್ಬರಿನಂತಾಗಿತ್ತು.

ಗಾಬಿಶ್‌ನ ಕೈ ನಿಂತಿತು. ಅವನು ಯಾವತ್ತೂ ಗಮ್ಮು ಹಾಕಿದವನಲ್ಲ. ಸಂದಿಯಲ್ಲಿಡುವ ಕಾಗದದ ಗ್ಯಾಸ್ಕೆಟ್ಟಿಗೆ ಗ್ರೀಸು ಸವರಿ ಮುಚ್ಚುವುದು ಅವನ ಪದ್ಧತಿ. ಮತ್ತೆ ಬಿಚ್ಚುವಾಗ ಹಣ್ಣಿನ ಸಿಪ್ಪೆಯ ಹಾಗೆ ಬರಬೇಕು ಎನ್ನುತ್ತಿದ್ದ. ಅವನ ಶೆಡ್ಡಿಗೆ ಗಾಡಿ ಕೊಟ್ಟವರಿಗೆಲ್ಲ ಇದು ಗೊತ್ತು. ಅವನು ತಲೆಯೆತ್ತಿ, ಪಿಕಪ್ಪಿನ ನೆರಳಲ್ಲಿ ಕುಳಿತಿದ್ದ ಹಾರಿಬ್‌ನನ್ನು ನೋಡಿದ. ಹಾರಿಬ್ ಮರಳು ನೋಡುತ್ತಿದ್ದ.

ಗಾಬಿಶ್ ಎದ್ದು ಬಂದು ಮುಚ್ಚಳವನ್ನು ಝುವೈನಾಳ ಮುಂದೆ ಇಟ್ಟ. ಉಗುರಿನಿಂದ ಗಮ್ಮಿನ ಒಂದು ಎಳೆ ಕಿತ್ತು ಅವಳ ಅಂಗೈಗೆ ಹಾಕಿದ.

ಅವಳಿಗೆ ಮಾತು ಬೇಕಿರಲಿಲ್ಲ. ಅವಳ ಪಿಕಪ್ಪಿನ ಎಣ್ಣೆ ತಟ್ಟೆಗೆ ಹಚ್ಚಿದ್ದು ಅದೇ ಕೆಂಪು ಗಮ್ಮು. ಅಂಗಳದ ನೀರಿನ ಟ್ಯಾಂಕಿಗೆ, ಆಡುಗಳ ತೊಟ್ಟಿಯ ಪೈಪಿಗೆ, ಎಲ್ಲ ಕಡೆ ಹಾರಿಬ್ ಹಚ್ಚಿದ್ದು ಅದನ್ನೇ. ಆ ಟ್ಯೂಬನ್ನು ತಂದುಕೊಟ್ಟವಳೂ ಅವಳೇ. ಆಮೇಲೆ ಅವಳು ನನಗೆ ಹೇಳಿದಳು, "ಬುಟ್ಟಿ ಹೋಯ್ತು ಅಂತ ಆಸ್ಪತ್ರೇಲಿ ಅಂದನಲ್ಲ, ಆ ಮಾತು ತಲೆಗೆ ಬಂತು. ಮುಚ್ಚಿದ ಎಂಜಿನ್ನಿನ ಒಳಗೆ ಏನು ಹೋಗಿದೆ ಅಂತ ಅವನಿಗೆ ಹೇಗೆ ಗೊತ್ತು? ಇಷ್ಟು ವರ್ಷ ನಾನು ಅದನ್ನ 'ಅಯ್ಯೋ ಪಾಪ' ಅಂತ ಕೇಳಿಸಿಕೊಂಡಿದ್ದೆ."

"ಏನಾಯ್ತು? ಏನಂತೆ?" ಜನ ಕೂಗುತ್ತಿದ್ದರು. ಗಾಬಿಶ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಹೇಳುವುದಾದರೆ ಅವಳೇ ಹೇಳಲಿ ಎಂಬಂತೆ. ಅವನು ಬಾಯಿ ತೆರೆದಿದ್ದರೆ ಸುಳ್ಳು ಎಂದು ಕಿರುಚಿ ಎದ್ದುಬಿಡುತ್ತಿದ್ದೆ ಎಂದು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಅವನು ಬಾಯಿ ತೆರೆಯಲಿಲ್ಲ. ಅವನಿಗೂ ಸೇಡು ತೀರಿಸಿಕೊಳ್ಳುವುದು ಗೊತ್ತಿತ್ತು.

"ಹಾರಿಬ್, ಬಾ ಇಲ್ಲಿ."

ಅವನು ಕುಂಟುತ್ತಾ ಬಂದ.

"ಇದನ್ನ ಮುಚ್ಚಿದ್ದು ಯಾರು?"

ಅವನು ಮುಚ್ಚಳದ ಕಡೆ ನೋಡಿ ಮುಖ ತಿರುಗಿಸಿದ.

"ಈಗ ತಾನೇ ಮಸೀದಿಯಿಂದ ಬಂದಿದ್ದೀಯ. ಹಣೆ ಮೇಲಿನ ಧೂಳು ಇನ್ನೂ ಹೋಗಿಲ್ಲ. ಯಾರು ಮುಚ್ಚಿದ್ದು?"

"ನಾನೇ ಅಕ್ಕಾ."

ಹಾರಿಬ್ ತಲೆ ತಗ್ಗಿಸಿ ಹೇಳುತ್ತಾ ಹೋದ. ಗಾಬಿಶ್ ನಿಜವಾಗಿಯೂ ಎಚ್ಚರಿಸಿದ್ದ. ಬುಟ್ಟಿಯ ಬೆರಳುಗಳಲ್ಲಿ ಪ್ಲೇಟಿನ ಹಲ್ಲು ಕೊರೆದು ಕಚ್ಚು ಬಿದ್ದಿವೆ, ಕ್ಲಚ್ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ, ಹೊಸದು ಬರುವವರೆಗೆ ತಡೆ ಎಂದಿದ್ದ. ದಿಬ್ಬದ ದಿನ ಹತ್ತಿರ ಬಂದಿತ್ತು. ಹುಡುಗಿಯ ಅಣ್ಣಂದಿರು ನೋಡಲು ಬರುವವರಿದ್ದರು. "ಬಿಚ್ಚಿ, ಅರ ಹಾಕಿ ಕಚ್ಚುಗಳನ್ನ ಉಜ್ಜಿ ನುಣ್ಣಗೆ ಮಾಡಿದೆ. ಕ್ಲಚ್ ಬೆಣ್ಣೆ ಹಾಗೆ ಬಂತು. ಸರಿಹೋಯ್ತು ಅಂದುಕೊಂಡೆ."

"ಬೆರಳು ತೆಳ್ಳಗಾಯ್ತು" ಎಂದ ಗಾಬಿಶ್. ಅಷ್ಟೇ.

"ಇಷ್ಟು ವರ್ಷ ನನ್ನ ಬಾಯಲ್ಲಿ ಇವನಿಗೆ ಶಾಪ ಹಾಕಿಸಿದೆಯಲ್ಲೋ" ಎಂದಳು ಝುವೈನಾ. ದನಿ ಏರಲಿಲ್ಲ.

"ಹೇಳಬೇಕು ಅಂತ ಬಂದಾಗೆಲ್ಲ ನೀನು ಶಾಪ ಹಾಕ್ತಾ ಇರ್ತಿದ್ದೆ ಅಕ್ಕಾ. ಕೇಳ್ತಾ ಇದ್ದರೆ ನನಗೂ ನಿಜ ಅನ್ನಿಸ್ತಿತ್ತು. ಹಿತವಾಗಿರ್ತಿತ್ತು."

ಹಿಂದೆ ಯಾರೋ ಕಿಸಕ್ಕನೆ ನಕ್ಕು, "ಬೂ ನುಸ್!" ಎಂದರು.

ಝುವೈನಾ ಎದ್ದು ನಿಂತಳು. ನಕ್ಕವರ ಕಡೆ ತಿರುಗಲಿಲ್ಲ, ಗಾಬಿಶ್‌ನ ಕಡೆ ತಿರುಗಿದಳು. "ಬುಟ್ಟಿ ವಿಷಯದಲ್ಲಿ ನಿನ್ನ ಮೇಲೆ ಸುಳ್ಳು ಹೊರಿಸಿದೆ. ಎಲ್ಲರೂ ಕೇಳಿಸಿಕೊಳ್ಳಿ, ನಾನೇ ಹೇಳ್ತಿದ್ದೀನಿ. ಆದರೆ ಆ ಹೆಸರು ಇಟ್ಟ ಬಾಯಿ ನಿನ್ನದು. ಆಸ್ಪತ್ರೇಲಿ ಮಲಗಿದ್ದವನ ಮದುವೆ ಮುರಿದ ಬಾಯಿ. ಅದು ಇನ್ನೂ ನನ್ನ ನಿನ್ನ ನಡುವೆ ಇದೆ. ನಾನಿನ್ನೂ ಸತ್ತಿಲ್ಲ."

ಗಾಬಿಶ್ "ಇದೆ ಅಕ್ಕಾ" ಎಂದ.

ಅವಳು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಹಾರಿಬ್‌ನ ಕೈಗೆ ಕೊಟ್ಟಳು. "ಕೂತ್ಕೋ."

ಹಾರಿಬ್ ಚಾಪೆಯ ಕಡೆ ನೋಡಿದ.

"ಮರಳಲ್ಲೇ" ಎಂದಳು.

ಗಾಬಿಶ್‌ಗೆಂದು ಎತ್ತಿಟ್ಟಿದ್ದ ಒಂದೊಂದು ಅವಮಾನವನ್ನೂ ಅವಳು ತಮ್ಮನಿಗೆ ಬಡಿಸಿದಳು. ಅವನು ಸೆಟೆದ ಕಾಲನ್ನು ಪಕ್ಕಕ್ಕೆ ಚಾಚಿ ಕುಳಿತು ಸ್ಪ್ರಿಂಗಿನ ಬೋಲ್ಟುಗಳನ್ನು ಬಿಚ್ಚಿದ, ಪ್ಲೇಟುಗಳನ್ನು ಎಳೆದ, ನಡುವಿನ ದೊಡ್ಡ ನಟ್ಟನ್ನು ಹಿಡಿದಿದ್ದ ತಗಡಿನ ಕಿವಿ ಬಿಡಿಸಿ ನಟ್ಟು ತೆಗೆದ. ಬುಟ್ಟಿ ಹೊರಗೆ ಬಂತು. ಒಂದು ಬೆರಳು ಬುಡದಿಂದಲೇ ಇಲ್ಲ, ಎರಡು ಬಿರುಕು ಬಿಟ್ಟಿದ್ದವು, ಉಳಿದವು ಅರದ ಗೀರುಗಳಿಂದ ಮೀನಿನ ಮುಳ್ಳಿನಷ್ಟು ತೆಳ್ಳಗೆ. "ಎಲ್ಲರಿಗೂ ತೋರಿಸು" ಎಂದಳು. ಅವನು ಎತ್ತಿ ಹಿಡಿದ. ಸಾಲದು ಎಂದು ಅವಳು ತಾನೇ ತೆಗೆದುಕೊಂಡು ಮಬ್ಖೂತ್ ಅಜ್ಜನಿಂದ ಹಿಡಿದು ಕೊನೆಯ ಸಾಲಿನವರ ತನಕ ಕೈಯಿಂದ ಕೈಗೆ ದಾಟಿಸಿದಳು. ಜನ ಹೆಬ್ಬೆರಳು ಸವರಿ ಸವರಿ ನೋಡಿ ಮುಂದಕ್ಕೆ ಕೊಟ್ಟರು. ಹಾರಿಬ್‌ನ ಕಿವಿ ಕೆಂಪಾಗಿತ್ತು.

"ಸಾಕು ಬಿಡೇ" ಎಂದು ನಾನು ಅವಳ ತಲೆವಸ್ತ್ರದ ಅಂಚು ಎಳೆದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಬುಟ್ಟಿಯ ಬೆನ್ನಿಗೆ ದೊಡ್ಡ ಹಲ್ಲುಚಕ್ರ ಅಂಟಿಕೊಂಡಿರುತ್ತದೆ. ಹೊಸ ಬುಟ್ಟಿಗೂ ಅದೇ ಚಕ್ರ ಬೇಕು. ಬ್ಯಾಟರಿ ಡ್ರಿಲ್ಲಿನಿಂದ ಹಾರಿಬ್ ರಿವೆಟ್ಟುಗಳನ್ನು ಕೊರೆದು ಚಕ್ರ ಬಿಡಿಸಿದ. ರಬ್ಬರಿನ ಬಿಲ್ಲೆಗಳನ್ನು ಒರೆಸಿ ಚಿನ್ನದ ಬಣ್ಣದ ಬುಟ್ಟಿಯಲ್ಲಿ ಕೂರಿಸಿದ, ಮೇಲೆ ಚಕ್ರವಿಟ್ಟ. ಸುತ್ತ ಊದಿನ ಪರಿಮಳ ಹರಡಿ ಜನ ಮೂಗರಳಿಸಿದರು. ಬೋಲ್ಟು ಸಡಿಲವಾಗದಂತೆ ಹಾಕುವ ಅಂಟನ್ನು ಧಾರಾಳವಾಗಿ ಸುರಿಯತೊಡಗಿದ.

ಗಾಬಿಶ್‌ಗೆ ತಡೆಯಲಾಗಲಿಲ್ಲ. "ಒಂದೊಂದೇ ಹನಿ ಕಣೋ. ಜಾಸ್ತಿ ಹಾಕಬೇಡ" ಎಂದು ಬಗ್ಗಿದ.

"ಮುಟ್ಟಬೇಡ" ಎಂದಳು ಝುವೈನಾ.

ಅವನು ಕೈ ಹಿಂದೆ ಕಟ್ಟಿಕೊಂಡು ನಿಂತ. ಆದರೆ ಮುಚ್ಚುವ ಹೊತ್ತಿಗೆ ತನ್ನ ಪೆಟ್ಟಿಗೆಯಿಂದ ಕಾಗದದ ಗ್ಯಾಸ್ಕೆಟ್ ತೆಗೆದು, ಗ್ರೀಸು ಸವರಿ, ಹಾರಿಬ್‌ನ ಮುಂದೆ ಚಾಚಿದ. ಅದನ್ನು ಅವಳು ತಡೆಯಲಿಲ್ಲ. ಎಣ್ಣೆಯಲ್ಲಿ ನೆನೆಸಿದ ಪ್ಲೇಟುಗಳು ಒಂದರ ಮೇಲೊಂದು ಒಳಗೆ ಕುಳಿತಿದ್ದವು, ಸ್ಪ್ರಿಂಗುಗಳು ಬಿಗಿದಿದ್ದವು. ಮುಚ್ಚಳ ಬಿತ್ತು, ಹೊಸ ಎಣ್ಣೆ ಹೋಯಿತು, ಬೇರೆಯವರ ಗಾಡಿಯಿಂದ ಬ್ಯಾಟರಿ ಬಂತು, ಹೊಸ ಪೆಟ್ರೋಲು ಬಂತು. ಬಹಳ ಹೊತ್ತು ಕೆಮ್ಮಿ ಕೆಮ್ಮಿ ಎಂಜಿನ್ ಎದ್ದಿತು. ಹಾರಿಬ್ ಕ್ಲಚ್ ಹಿಡಿದು, ಸೆಟೆದ ಎಡಗಾಲನ್ನು ಕೈಯಿಂದಲೇ ಎತ್ತಿಟ್ಟು ಒಂದನೇ ಗೇರು ತುಳಿದ. ಕ್ಲಚ್ ಬಿಟ್ಟಾಗ ಗಾಡಿ ಒಂದು ಚೂರೂ ಜಗ್ಗದೆ ಮುಂದೆ ಸರಿಯಿತು. ಯಾರೂ ಹಾರ್ನು ಹೊಡೆಯಲಿಲ್ಲ. ಜನ ಕಾಲಿಗಂಟಿದ ಮರಳು ಕೊಡವಿಕೊಂಡು ಚದುರತೊಡಗಿದರು.

ಝುವೈನಾ ಚಾಪೆ ಸುತ್ತಿ ಪಿಕಪ್ಪಿಗೆ ಹಾಕಿದಳು. ನಾನೂ ಹತ್ತಿದೆ.

"ಅಕ್ಕಾ, ನಾನು?" ಎಂದ ಹಾರಿಬ್.

"ಗಾಡಿ ಇದೆಯಲ್ಲ."

ಆ ಕಾಲಿನಲ್ಲಿ ಅವನಿಗೆ ಗೇರು ಬದಲಿಸಲು ಆಗದು ಎಂದು ಅವಳಿಗೆ ಗೊತ್ತಿತ್ತು. ಅವನು ಇಡೀ ದಾರಿ ಒಂದನೇ ಗೇರಿನಲ್ಲೇ ಬಂದ. ನಾವು ಅವಳ ಮನೆ ಮುಟ್ಟಿ, ಆಡುಗಳಿಗೆ ನೀರಿಟ್ಟು, ಅವಳು ಗೇಟಿಗೆ ಒಳಗಿನಿಂದ ಅಗುಳಿ ಹಾಕಿ ಎಷ್ಟೋ ಹೊತ್ತಾದ ಮೇಲೆ ಆ ಕಿರುಚು ಸದ್ದು ದೂರದಲ್ಲಿ ಹುಟ್ಟಿ, ಮೆಲ್ಲಮೆಲ್ಲಗೆ ಹತ್ತಿರ ಬಂದು, ಗೇಟಿನ ಹೊರಗೆ ನಿಂತಿತು.

"ಅಕ್ಕಾ" ಎಂದು ಕರೆದ.

ಸಂಜೆಯ ಅಜಾನ್ ಆಯಿತು. ಅವಳು ಕೈಕಾಲು ಮುಖ ತೊಳೆದು ನಮಾಜಿಗೆ ನಿಂತಳು. ನಾನು ಪಕ್ಕದಲ್ಲಿ ನಿಂತೆ. ನನ್ನದು ಮುಗಿಯಿತು. ಅವಳದು ಮುಗಿಯಲಿಲ್ಲ. ಮತ್ತೆ ಎದ್ದು ನಿಂತಳು, ಓದಲು ಉದ್ದುದ್ದ ಅಧ್ಯಾಯಗಳನ್ನೇ ಹಿಡಿದಳು. ಹೊರಗೆ ಹಾರಿಬ್ ಕೆಮ್ಮಿದ. ಅವನ ವಾಸನೆ ಹಿಡಿದ ಆಡುಗಳು ಗೇಟಿನ ಹತ್ತಿರ ಹೋಗಿ ಅರಚಿದವು. ಅವಳು ಮತ್ತೆ ನಿಂತಳು, ಮತ್ತೆ ಬಾಗಿದಳು. ಎದ್ದು ಹೋಗಿ ಅಗುಳಿ ತೆಗೆಯೋಣವೇ ಎಂದು ನನಗೆ ಅನಿಸಿತು. ಅದು ನನ್ನ ಗೇಟಲ್ಲ.

ಕೊನೆಗೆ ಅವಳೇ ತೆಗೆದಳು. ರೊಟ್ಟಿ ಕೊಟ್ಟಳು, ಮಾತು ಕೊಡಲಿಲ್ಲ. ಮುಂದಿನ ಹಬ್ಬದವರೆಗೂ ಕೊಡಲಿಲ್ಲ.

ಮೊನ್ನೆ ಮೊಗಪಟ್ಟಿಗೆ ಕಡ್ಡಿ ಕೂರಿಸುತ್ತಾ ಕುಳಿತಿದ್ದವಳು, ನಾನು ಕೇಳದೆಯೇ ಆ ಸಂಜೆಯ ಮಾತು ತೆಗೆದಳು. "ಅವತ್ತಿನ ನಮಾಜು ದೇವರು ಒಪ್ಪಿಕೊಂಡನೋ ಇಲ್ಲವೋ ಗೊತ್ತಿಲ್ಲ ಕಣೇ. ಬಾಯಿ ಓದ್ತಾ ಇತ್ತು, ಕಿವಿ ಪೂರ್ತಿ ಗೇಟಿನ ಹತ್ರಾನೇ ಇತ್ತು. ಮುಗಿಸಿ ಏಳೋಣ ಅಂದಾಗೆಲ್ಲ, ಇನ್ನೂ ಸ್ವಲ್ಪ ಕಾಯಲಿ ಅಂತ ಇನ್ನೊಂದಕ್ಕೆ ನಿಂತೆ."